ನಮ್ಮ ಬಚ್ಚಲುಮನೆಯ ಚರಿತ್ರೆ

ಅರಮನೆಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಕೋಟೆಕೊತ್ತಲಗಳನ್ನೂ ಗುಡಿಗೋಪುರಗಳನ್ನೂ ಅಳೆದು ವರ್ಣಿಸಿದವರಿಗೂ ಕೊರತೆಯಿಲ್ಲ. ಆದರೆ ಬೆಳಗಾದರೆ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರಂತೆ ಹೊಕ್ಕು ಹೊರಬರುವ ಬಚ್ಚಲುಮನೆಯ ಕಡೆಗೆ ಚರಿತ್ರಕಾರರ ದೃಷ್ಟಿ ಬಿದ್ದದ್ದು ಅಪೂರ್ವ. ಮನೆಯ ಹಿಂಬದಿಯಲ್ಲಿ, ಹೊಗೆ ಹಿಡಿದು, ನೀರು ಸೋರುತ್ತ ನಿಂತಿರುವ ಆ ಕೋಣೆಗೆ ಚರಿತ್ರೆ ಬೇರೆ ಉಂಟೆ ಎಂದು ವಾಚಕರು ನಕ್ಕರೂ ನಗಬಹುದು. ಉಂಟು, ಅದು ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಳೆಯದು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ತುಮಕೂರಿನಲ್ಲಾಗಲಿ, ಗುಬ್ಬಿ ಕುಣಿಗಲ್‌ಗಳಲ್ಲಾಗಲಿ, ಹಳೆಯ ಬಚ್ಚಲನ್ನು ಒಡೆದು ಹೊಸದಾಗಿ ಕಟ್ಟಿಸುವ ಕೆಲಸ ಒಂದಲ್ಲ ಒಂದು ಮನೆಯಲ್ಲಿ ನಡೆದೇ ಇರುತ್ತದೆ. ಕೆಲಸ ಹಿಡಿದ ಗೃಹಸ್ಥರು ಬಿ.ಎಚ್. ರಸ್ತೆಯ ಅಂಗಡಿಗೆ ಹೋಗಿ ಮೊದಲು ಕೇಳುವುದು ಬಿಲ್ಲೆಗಳ ಬಣ್ಣವನ್ನು. ಆಮೇಲೆ ನಲ್ಲಿಯ ಹೊಳಪನ್ನು. ನಮ್ಮ ಹಿರಿಯರು ಬಚ್ಚಲನ್ನು ಕಟ್ಟಿಸುವಾಗ ಬಣ್ಣವನ್ನು ಕೇಳುತ್ತಿರಲಿಲ್ಲ. ಅವರಿಗೆ ಮುಖ್ಯವಾಗಿದ್ದುವು ನಾಲ್ಕು ಪ್ರಶ್ನೆಗಳು: ನೀರು ಎಲ್ಲಿಂದ ಬರುತ್ತದೆ? ಬಂದ ನೀರು ಎಲ್ಲಿಗೆ ಹೋಗುತ್ತದೆ? ಹೊಗೆ ಮತ್ತು ಹಬೆ ಹೇಗೆ ಹೊರಬೀಳುತ್ತವೆ? ಒದ್ದೆಯ ನೆಲದ ಮೇಲೆ ಮನುಷ್ಯ ಹೇಗೆ ನಿಲ್ಲುತ್ತಾನೆ? ಈ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಅದು ಒಳ್ಳೆಯ ಬಚ್ಚಲು; ಸಿಕ್ಕದಿದ್ದರೆ ಅಮೃತಶಿಲೆಯನ್ನು ಹಾಸಿದರೂ ಕೆಟ್ಟ ಬಚ್ಚಲೇ. ಚರಿತ್ರೆಯನ್ನು ನೋಡಿದರೆ ಎಲ್ಲ ಕಾಲದ ಜಾಣ ಕಟ್ಟುಗಾರರೂ ಈ ನಾಲ್ಕು ಪ್ರಶ್ನೆಗಳನ್ನೇ ಬಿಡಿಸುತ್ತ ಬಂದಿರುವುದು ಕಾಣುತ್ತದೆ.

ಮೊದಲು ಮಾತಿನ ವಿಚಾರ. ಹಳಗನ್ನಡದಲ್ಲಿ ಸ್ನಾನ ಮಾಡುವುದಕ್ಕೆ ‘ಮೀ’ ಎಂಬ ಧಾತುವಿದೆ. ‘ಮಿಂದು’ ಎಂಬ ರೂಪವನ್ನು ನಾವು ಇಂದಿಗೂ ಬರೆಯುತ್ತೇವೆ. ಕರಾವಳಿ ಮಲೆನಾಡುಗಳಲ್ಲಿ ‘ಮೀಯುವುದು’ ಇನ್ನೂ ಆಡುಮಾತಾಗಿದೆ. ಸಂಸ್ಕೃತದಿಂದ ಬಂದ ‘ಮಜ್ಜನ’ ಶಾಸನಗಳಲ್ಲಿಯೂ ವಚನಗಳಲ್ಲಿಯೂ ದೇವರ ಸ್ನಾನಕ್ಕೆ ಸಲ್ಲುವ ಗೌರವದ ಮಾತು. ಆದರೆ ಸ್ನಾನದ ಸ್ಥಳಕ್ಕೆ ನಮ್ಮ ಜನ ಆರಿಸಿಕೊಂಡ ಮಾತು ಇವೆರಡೂ ಅಲ್ಲ, ‘ಬಚ್ಚಲು’. ಈ ಮಾತಿಗೆ ಸ್ನಾನದ ಎಡೆ ಎಂಬುದೊಂದು ಅರ್ಥ. ಕೊಳೆನೀರು ಹರಿದುಹೋಗುವ ಮೋರಿ ಎಂಬುದು ಇನ್ನೊಂದು. ಮೀಯುವ ಜಾಗಕ್ಕೂ ಮಿಂದ ನೀರು ಹೋಗುವ ಜಾಗಕ್ಕೂ ಒಂದೇ ಹೆಸರಿಟ್ಟ ಜನ, ನೀರು ಹೊರಹೋಗುವುದನ್ನು ಎಷ್ಟು ಮುಖ್ಯವೆಂದು ಎಣಿಸಿದ್ದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಕಟ್ಟಡಗಳ ವಿಚಾರ. 1920ರ ದಶಕದಲ್ಲಿ ಸಿಂಧೂ ನದಿಯ ಬಯಲಿನ ಮೊಹೆಂಜೊದಾರೊವನ್ನು ಅಗೆದಾಗ ದೊಡ್ಡದೊಂದು ಸ್ನಾನದ ಕೊಳ ಹೊರಬಿದ್ದಿತು. ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳದ ಆ ಕೊಳದ ಇಟ್ಟಿಗೆಗಳ ಹಿಂದೆ ನೀರು ಇಂಗದಂತೆ ನೆಲದೆಣ್ಣೆಯ ಅಂಟನ್ನು ಬಳಿದಿದ್ದರು. ಶಾಲೆಯ ಪುಸ್ತಕಗಳಲ್ಲಿ ಇದರ ಚಿತ್ರವನ್ನು ನೋಡದವರಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಬೆರಗುಗೊಳಿಸುವುದು ಆ ಊರಿನ ಸಾಮಾನ್ಯ ಮನೆಗಳು. ಮನೆಮನೆಗೂ ಎಂಬಷ್ಟರ ಮಟ್ಟಿಗೆ ಅಲ್ಲಿ ಸ್ನಾನದ ಕಟ್ಟೆಗಳಿದ್ದುವು. ಇಟ್ಟಿಗೆಗಳನ್ನು ಸಂದಿಲ್ಲದಂತೆ ಒತ್ತಾಗಿ ಜೋಡಿಸಿ, ನೆಲವನ್ನು ಒಂದು ಮೂಲೆಗೆ ಇಳಿಜಾರು ಮಾಡಿ, ಆ ಮೂಲೆಯಿಂದ ನೀರನ್ನು ಬೀದಿಯ ಮುಚ್ಚುಚರಂಡಿಗೆ ಹರಿಸಿದ್ದರು. ಈಗಿನ ಮೇಸ್ತ್ರಿಗಳು ರಸಮಟ್ಟ ಹಿಡಿದು ಸಾಧಿಸುವ ಇಳಿಜಾರನ್ನು ಅವರು ಅಂದೇ ಸಾಧಿಸಿದ್ದರು.

ಅಷ್ಟು ದೂರ ಹೋಗಲಾರದವರು ತುಮಕೂರಿನ ಬಳಿಯ ಕೈದಾಳಕ್ಕೆ ಹೋಗಿಬರಬಹುದು. ಅಲ್ಲಿ 12ನೆಯ ಶತಮಾನದ, ಹೊಯ್ಸಳರ ಕಾಲದ ದೇವಾಲಯಗಳಿವೆ. ಶಿಲ್ಪವನ್ನು ನೋಡುವವರು ನೋಡಲಿ. ಬಚ್ಚಲಿನ ಚರಿತ್ರೆಯನ್ನು ತಿಳಿಯಬೇಕೆನ್ನುವವರು ಇಂಥ ಹಳೆಯ ಗುಡಿಗಳಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಗರ್ಭಗುಡಿಯೆಂದರೆ ದೇವರಿಗೆ ದಿನವೂ ಮಜ್ಜನ ನಡೆಯುವ ಕೋಣೆ. ಆ ನೀರು ಒಳಗೆ ನಿಂತರೆ ಕಟ್ಟಡಕ್ಕೇ ಕೇಡು. ಆದ್ದರಿಂದ ಶಿಲ್ಪಿಗಳು ಗೋಡೆಯಲ್ಲಿ ರಂಧ್ರ ಕೊರೆದು, ಕಲ್ಲಿನ ಪ್ರಣಾಳವೊಂದನ್ನು ಗೋಡೆಯಿಂದ ಆಚೆಗೆ ಚಾಚುವಂತೆ ಇಡುತ್ತಿದ್ದರು. ಅದು ಸಾಮಾನ್ಯವಾಗಿ ಉತ್ತರದ ಕಡೆಗೆ ಇರುತ್ತದೆ. ಹಾಗೆ ಚಾಚಿರುವುದರಿಂದ ನೀರು ಗೋಡೆಯ ಮೇಲೆ ಇಳಿಯದೆ ದೂರಕ್ಕೆ ಬೀಳುತ್ತದೆ, ಅಡಿಪಾಯ ನೆನೆಯುವುದಿಲ್ಲ. ಭಕ್ತರಿಗೆ ಅದು ತೀರ್ಥ. ಕಟ್ಟುಗಾರನಿಗೆ ಅದು ಅತ್ಯುತ್ತಮವಾದ ಬಚ್ಚಲ ಬಾಯಿ.

ಅರಸರ ಸ್ನಾನದ ವೈಭವವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳನ್ನು ವರ್ಣಿಸುವ ಒಂದು ಭಾಗವೇ ಇದ್ದು, ಅದರಲ್ಲಿ ಗೃಹಭೋಗವಾದೊಡನೆ ಸ್ನಾನಭೋಗ ಬರುತ್ತದೆ. ಒಳ್ಳೆಯ ಮನೆ, ಆಮೇಲೆ ಒಳ್ಳೆಯ ಸ್ನಾನ ಎಂಬ ಕ್ರಮವನ್ನು ಆ ದೊರೆ ಯೋಚಿಸಿಯೇ ಇಟ್ಟಿರಬೇಕು. ಹಂಪೆಗೆ ಹೋದವರು ರಾಣಿಯರ ಸ್ನಾನಗೃಹವನ್ನು ನೋಡಿಯೇ ಇರುತ್ತಾರೆ. ಹೊರಗೆ ಸಾದಾ ಗೋಡೆ; ಒಳಗೆ ಹೋದರೆ ಸುಮಾರು 15 ಮೀಟರ್ ಚೌಕದ ಕೊಳ, ಅದರ ಸುತ್ತ ಕಮಾನಿನ ಪಡಸಾಲೆ, ಕೊಳದತ್ತ ಚಾಚಿದ ಚೆಲುವಾದ ಉಪ್ಪರಿಗೆಗಳು, ಮೇಲೆ ತೆರೆದ ಆಕಾಶ. ಮರೆ ಬೇಕಾದಲ್ಲಿ ಮರೆ, ಬೆಳಕು ಬೇಕಾದಲ್ಲಿ ಬೆಳಕು. ಸ್ನಾನದ ಮನೆಗೆ ಮಾನವೂ ಬೇಕು, ಗಾಳಿಬೆಳಕೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಲಿಗೊಡಬೇಕಾಗಿಲ್ಲ ಎಂಬುದಕ್ಕೆ ಈ ಕಟ್ಟಡ ಸಾಕ್ಷಿ.

ಈಗ ನಮ್ಮ ಜಿಲ್ಲೆಯ ಮನೆಗಳಿಗೆ ಬರೋಣ. ತುಮಕೂರು ಸೀಮೆ ಮಳೆಯ ವಿಷಯದಲ್ಲಿ ಭಾಗ್ಯಶಾಲಿಯಲ್ಲ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಶಿಂಷಾ, ಜಯಮಂಗಲಿ ಹುಟ್ಟುತ್ತವೆಯೇನೋ ನಿಜ. ಆದರೆ ಅವು ವರ್ಷವಿಡೀ ತುಂಬಿ ಹರಿಯುವ ನದಿಗಳಲ್ಲ. ಬಂಡೆಯಿಂದ ಜಿನುಗುವ ನಾಮದ ಚಿಲುಮೆಯನ್ನು ಶ್ರೀರಾಮನ ಹೆಸರಿನೊಡನೆಯೂ, ಸಿದ್ಧಗಂಗೆಯ ಬೆಟ್ಟದ ಒರತೆಯನ್ನು ಸಿದ್ಧಪುರುಷರ ಹೆಸರಿನೊಡನೆಯೂ ನಮ್ಮವರು ಸೇರಿಸಿದ್ದಾರೆ. ನೀರು ಕಂಡಲ್ಲಿ ಕೈಮುಗಿಯುವುದು ನೀರಿನ ಬೆಲೆ ಬಲ್ಲವರ ಲಕ್ಷಣ. ಊರುಗಳು ಕೆರೆಗಳನ್ನು ನಂಬಿ ಬೆಳೆದುವು: ತುಮಕೂರಿಗೆ ಅಮಾನಿಕೆರೆ, ಗುಬ್ಬಿಯ ಸೀಮೆಗೆ ಕಡಬದ ಕೆರೆ, ಕುಣಿಗಲ್ಲಿಗೆ ಜನಪದರು ಹಾಡಿ ಹೊಗಳಿದ ದೊಡ್ಡಕೆರೆ. ಕೆರೆ ತುಂಬಿದರೆ ಬಾವಿಯಲ್ಲಿ ನೀರು. ಬಾವಿಯಲ್ಲಿ ನೀರಿದ್ದರೆ ಬಚ್ಚಲಲ್ಲಿ ನೀರು.

ಅಂಥ ಸೀಮೆಯಲ್ಲಿ ಹುಟ್ಟಿದ ಬಚ್ಚಲುಮನೆ ಹೇಗಿದ್ದಿತೆಂಬುದನ್ನು ಐವತ್ತು ದಾಟಿದವರು ಕಣ್ಣಾರೆ ಬಲ್ಲರು. ಅಡಿಗೆಮನೆಯ ಹಿಂದೆ, ಹಿತ್ತಲಿನ ಬಾಗಿಲ ಪಕ್ಕದಲ್ಲಿ, ಸೇದುವ ಬಾವಿಗೆ ಹತ್ತಿರವಾಗಿ ಅದರ ಸ್ಥಾನ. ಅನುಕೂಲವಿದ್ದ ಮನೆಗಳಲ್ಲಿ ಬಾವಿಯ ಕಡೆಯ ಗೋಡೆಗೆ ಒಂದು ಕಿಂಡಿ ಇರುತ್ತಿತ್ತು. ಸೇದಿದ ನೀರನ್ನು ಹೊರಗಿನ ಕಲ್ಲಿಗೆ ಸುರಿದರೆ ಒಳಗಿನ ತೊಟ್ಟಿಗೆ ತಾನಾಗಿ ಇಳಿಯುತ್ತಿತ್ತು. ಕೊಡ ಹೊತ್ತು ಸುತ್ತಿ ಬರುವ ಶ್ರಮ ಅಷ್ಟರಮಟ್ಟಿಗೆ ತಪ್ಪಿತು. ಮೂಲೆಯಲ್ಲಿ ಮಣ್ಣಿನಿಂದ ಮೆತ್ತಿದ ಒಲೆ, ಅದರ ಮೇಲೆ ಕದಲದಂತೆ ಕೂರಿಸಿದ ತಾಮ್ರದ ಹಂಡೆ. ತೆಂಗಿನ ನಾಡಿನಲ್ಲಿ ಉರುವಲಿಗೆ ಬರವೆ? ಗರಿ, ಮಟ್ಟೆ, ಕರಟ, ಎಲ್ಲವೂ ಹಂಡೆಯ ಒಲೆಗೇ. ಕೆಲವು ಮನೆಗಳಲ್ಲಿ ಒಲೆಯ ಬಾಯಿಯನ್ನು ಬಚ್ಚಲಿನ ಹೊರಕ್ಕೆ ಇಟ್ಟಿದ್ದರು. ಉರಿ ಹಾಕುವವರು ಹೊರಗೆ, ಬಿಸಿನೀರು ಒಳಗೆ. ಹೊಗೆ ಹೋಗಲು ಮೇಲೆ ಬೆಳಕಿಂಡಿ.

ನೆಲಕ್ಕೆ ಚಪ್ಪಡಿ ಕಲ್ಲು. ನಮ್ಮ ಸೀಮೆಯ ಗಟ್ಟಿ ಕಲ್ಲನ್ನು ಉಳಿಯಿಂದ ಹದವಾಗಿ ಕೊಚ್ಚಿ ಹಾಸುತ್ತಿದ್ದರು, ನುಣ್ಣಗೆ ಮಾಡುತ್ತಿರಲಿಲ್ಲ. ಎಣ್ಣೆ, ಸೀಗೆಪುಡಿ, ಸಾಬೂನು ಬಿದ್ದು ಬಿದ್ದು ಕಲ್ಲು ನುಣುಪಾದಾಗ, ಒರಳು ಬೀಸುಕಲ್ಲುಗಳಿಗೆ ಉಳಿ ಹಾಕಲು ಬಂದವನಿಂದ ಬಚ್ಚಲ ಕಲ್ಲಿಗೂ ನಾಲ್ಕು ಏಟು ಹಾಕಿಸುವುದುಂಟು. ಗೋಡೆಯ ಬುಡಕ್ಕೆ ಸುಣ್ಣದ ಗಾರೆ. ಅರೆದ ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿಯ ನೀರು ಮುಂತಾದುವನ್ನು ಕೂಡಿಸಿ ಹದಗೊಳಿಸಿದ ಗಾರೆ ನೀರಿಗೆ ಅಂಜುತ್ತಿರಲಿಲ್ಲ. ಗೋಡೆಯಲ್ಲಿ ಸೀಗೆಪುಡಿಯ ಬಟ್ಟಲಿಗೂ ಎಣ್ಣೆಯ ಗಿಂಡಿಗೂ ಒಂದು ಗೂಡು. ಬಗ್ಗದೆ ಕೈಗೆ ಎಟಕುವ ಎತ್ತರದಲ್ಲಿ. ಮಿಂದ ನೀರು ಬಚ್ಚಲ ಬಾಯಿಂದ ಹೊರಬಿದ್ದು, ಹಿತ್ತಲಿನ ಬಾಳೆಯ ಪಾತಿಗೆ, ಅಲ್ಲಿಂದ ತೆಂಗಿನ ಬುಡಕ್ಕೆ ಹೋಗುತ್ತಿತ್ತು.

ಸ್ಥಳದ ಬಗ್ಗೆಯೂ ಒಂದು ಮಾತು. ಸುಮಾರು 1600ರ ‘ಮುಹೂರ್ತಚಿಂತಾಮಣಿ’ಯಲ್ಲಿ ಮನೆಯ ಕೋಣೆಗಳ ದಿಕ್ಕುಗಳನ್ನು ಹೇಳುವಾಗ ಪೂರ್ವಕ್ಕೆ ಸ್ನಾನದ ಮನೆ, ಆಗ್ನೇಯಕ್ಕೆ ಅಡಿಗೆಮನೆ ಎಂಬ ಕ್ರಮವಿದೆ. ಶಾಸ್ತ್ರಕಾರರ ಮನಸ್ಸಿನಲ್ಲಿದ್ದ ಕಾರಣ ಯಾವುದೇ ಇರಲಿ, ಫಲವಂತೂ ಸ್ಪಷ್ಟವಾಗಿದೆ: ಮುಂಜಾನೆಯ ಸ್ನಾನ ಮುಗಿಯುವ ಹೊತ್ತಿಗೆ ಎಳೆಬಿಸಿಲು ಒದ್ದೆ ನೆಲದ ಮೇಲೆ ಬೀಳುತ್ತದೆ, ಪಕ್ಕದಲ್ಲಿಯೇ ಅಡಿಗೆಮನೆ ಇರುವುದರಿಂದ ನೀರನ್ನು ಎರಡು ಕಡೆಗೆ ಸಾಗಿಸುವ ಕೆಲಸ ಒಂದಾಗುತ್ತದೆ. ನೀರಿನ ಕೊಳವೆಗಳನ್ನು ಒಂದೇ ಗೋಡೆಯ ಎರಡು ಬದಿಗೆ ಇಟ್ಟರೆ ಖರ್ಚು ಕಡಿಮೆ ಎಂದು ಇಂದಿನ ಎಂಜಿನಿಯರುಗಳು ಹೇಳುವುದೂ ಇದನ್ನೇ.

ವರ್ಷಕ್ಕೊಮ್ಮೆ ಬಚ್ಚಲಿಗೂ ಹಬ್ಬವಿತ್ತು. ದೀಪಾವಳಿಯ ನರಕಚತುರ್ದಶಿಯ ಹಿಂದಿನ ಸಂಜೆಯೇ ನೀರು ತುಂಬುವ ಹಬ್ಬ. ಅಂದು ಹಂಡೆಯನ್ನು ಹುಣಿಸೆಹಣ್ಣು ಹಾಕಿ ಥಳಥಳ ಬೆಳಗಿ, ಬಚ್ಚಲನ್ನು ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಹಂಡೆಯ ಕೊರಳಿಗೆ ಬಳ್ಳಿ ಸುತ್ತಿ, ಪೂಜೆ ಮಾಡಿ ಹೊಸನೀರು ತುಂಬುತ್ತಿದ್ದರು. ನಮ್ಮಲ್ಲಿ ಬಚ್ಚಲನ್ನು ಹೀನವೆಂದು ಕಾಣುತ್ತಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ. ಈ ಹಬ್ಬ ಈಗಲೂ ಅನೇಕ ಮನೆಗಳಲ್ಲಿ ನಡೆಯುತ್ತದೆ. ಹಂಡೆ ಇಲ್ಲದವರು ಬಕೆಟ್ಟಿಗೇ ಅರಿಸಿನ ಕುಂಕುಮ ಹಚ್ಚುತ್ತಾರೆ.

ಇಷ್ಟು ಹೇಳಿದ ಮೇಲೆ ಹಳೆಯದೆಲ್ಲ ಬಂಗಾರವೆಂದು ವಾಚಕರು ತಿಳಿಯಬಾರದು. ಮೇಲೆ ವರ್ಣಿಸಿದ್ದು ಅನುಕೂಲಸ್ಥರ ಬಚ್ಚಲು. ಸೂರಿಲ್ಲದ ಬಚ್ಚಲುಗಳೇ ಹೆಚ್ಚಾಗಿದ್ದ ಕಾಲವದು. ಹಿತ್ತಲಿನಲ್ಲಿ ಒಂದು ಚಪ್ಪಡಿ, ಅದರ ಸುತ್ತ ತೆಂಗಿನ ಗರಿಯ ತಡಿಕೆ ಅಥವಾ ಹಳೆಯ ಸೀರೆ. ಎಷ್ಟೋ ಮನೆಗಳಲ್ಲಿ ಇಷ್ಟೇ ಮರೆ. ಹೆಣ್ಣುಮಕ್ಕಳು ಊರು ಏಳುವುದಕ್ಕೆ ಮುಂಚೆ ಕತ್ತಲಲ್ಲಿ ಸ್ನಾನ ಮುಗಿಸಬೇಕಾಗಿತ್ತು. ಹಂಡೆಗೆ ನೀರು ಸೇದಿ ತುಂಬಿದವರೂ, ಹೊಗೆಯಲ್ಲಿ ಕಣ್ಣುಜ್ಜುತ್ತ ಉರಿ ಊದಿದವರೂ ಅವರೇ. ಕೊನೆಗೆ ತಣ್ಣಗಾದ ನೀರು ಉಳಿಯುತ್ತಿದ್ದುದೂ ಅವರ ಪಾಲಿಗೇ. ಬಚ್ಚಲಿಗೆ ಗಟ್ಟಿಯಾದ ಗೋಡೆ, ಒಳಗಿನಿಂದ ಹಾಕುವ ಅಗುಳಿ, ತಿರುಗಿಸಿದರೆ ಬರುವ ಬಿಸಿನೀರು, ಇವು ಮನೆಯ ಹೆಂಗಸರ ಬಾಳಿನಲ್ಲಿ ಎಷ್ಟು ದೊಡ್ಡ ಬದಲಾವಣೆಯೆಂಬುದನ್ನು ಗಂಡಸರು ಲೆಕ್ಕ ಹಾಕಿದ್ದು ಕಡಿಮೆ.

ಇನ್ನೂ ಕಠಿನವಾದ ಸತ್ಯವೊಂದಿದೆ. ಹಿಂದೆ ಬಚ್ಚಲೂ ಕಕ್ಕಸೂ ಬೇರೆ ಬೇರೆ. ಕಕ್ಕಸು ಹಿತ್ತಲಿನ ತುದಿಗೆ. ಅದನ್ನು ಶುದ್ಧಿಯ ಲಕ್ಷಣವೆಂದು ಹೊಗಳುವವರುಂಟು. ಆದರೆ ಪಟ್ಟಣಗಳಲ್ಲಿ ಆ ಶುದ್ಧಿಯ ಹೊರೆಯನ್ನು ಹೊತ್ತವರು ಬೇರೆ ಜನ. ತಲೆಯ ಮೇಲೆ ಹೊತ್ತರು ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಈ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬಂದುದು 1993ರಲ್ಲಿ, ಅದಕ್ಕಿಂತ ಬಿಗಿಯಾದದ್ದು 2013ರಲ್ಲಿ. ನೀರು ಸುರಿದು ತೊಳೆಯುವ ಕಕ್ಕಸು ಬಂದ ಮೇಲೆಯೇ ಅದು ಬಚ್ಚಲಿನ ಪಕ್ಕಕ್ಕೆ, ಮನೆಯ ಒಳಕ್ಕೆ ಬಂದಿತು. ಹಾಗೆ ಬಂದುದರಿಂದ ಮನೆಯವರಿಗೆ ಅನುಕೂಲವಾಯಿತೆಂಬುದು ಒಂದು ಮಾತು; ಮನುಷ್ಯರ ಮೇಲಿನ ಅವಮಾನದ ಹೊರೆ ಇಳಿಯಲು ದಾರಿಯಾಯಿತೆಂಬುದು ಅದಕ್ಕಿಂತ ದೊಡ್ಡ ಮಾತು.

ಮಿಕ್ಕ ಬದಲಾವಣೆಗಳೂ ಇದೇ ಕಾಲದಲ್ಲಿ ಒಂದೊಂದಾಗಿ ಬಂದುವು. 1960ರ ದಶಕದಲ್ಲಿ ನಮ್ಮ ಜಿಲ್ಲೆಯ ಅಮ್ಮಸಂದ್ರದಲ್ಲಿಯೇ ಸಿಮೆಂಟು ತಯಾರಾಗತೊಡಗಿತು. ಸುಣ್ಣದ ಗಾರೆಯನ್ನು ಅರೆಯುವವರು ಮೆಲ್ಲಮೆಲ್ಲನೆ ಮರೆಯಾದರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದು, ಕ್ರಮೇಣ ನಾಲೆಯ ನೀರು ತುಮಕೂರು ಸೀಮೆಗೂ ಬಂದಿತು. ಇಂದು ತುಮಕೂರು ನಗರ ಕುಡಿಯುವುದು ಬುಗುಡನಹಳ್ಳಿಯ ಕೆರೆಯಲ್ಲಿ ತುಂಬಿಟ್ಟ ಹೇಮಾವತಿಯನ್ನೇ. ಕೊಳವೆ ಬಾವಿಗಳು ಬಂದುವು, ಛಾವಣಿಯ ಮೇಲೆ ತೊಟ್ಟಿಗಳು ಕುಳಿತುವು. ಬಾವಿಯ ರಾಟೆ ಸದ್ದಡಗಿತು. ಹಿತ್ತಲು ಕಿರಿದಾಯಿತು, ಬಚ್ಚಲು ಒಳಸೇರಿತು. ಇವುಗಳಿಂದ ಆದ ಸುಖವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೋಣೆ ಸ್ಥಳ ಬದಲಿಸಿದಾಗ ಆ ನಾಲ್ಕು ಪ್ರಶ್ನೆಗಳನ್ನು ಹಿತ್ತಲಿನಲ್ಲಿಯೇ ಬಿಟ್ಟುಬಂದೆವು. ಅವನ್ನು ಮತ್ತೆ ಕೇಳಿಕೊಂಡರೆ, ಬಚ್ಚಲನ್ನು ಹೊಸದಾಗಿ ಕಟ್ಟಿಸುವವರಿಗೆ ಚರಿತ್ರೆಯಿಂದ ಕೆಲವು ನೇರವಾದ ಉಪಯೋಗಗಳಿವೆ.

ನೀರು ಹೊರಹೋಗುವುದು ಮೊದಲನೆಯದು. ನೆಲದ ಇಳಿಜಾರು ಅಡಿಗೆ ಕಾಲು ಅಂಗುಲದಷ್ಟಿದ್ದರೆ ನೀರು ನಿಲ್ಲುವುದಿಲ್ಲ, ನಡೆಯುವವರಿಗೆ ಓಲಿದಂತೆಯೂ ಆಗುವುದಿಲ್ಲ. ಬಚ್ಚಲಿನ ನೆಲ ಪಕ್ಕದ ಕೋಣೆಯ ನೆಲಕ್ಕಿಂತ ಒಂದು ಅಂಗುಲವಾದರೂ ತಗ್ಗಿರಬೇಕು. ಬಿಲ್ಲೆ ಹಾಸುವ ಮುನ್ನ ಅದರ ಅಡಿಯಲ್ಲಿ ನೀರು ಇಂಗದ ಲೇಪವನ್ನು ಗೋಡೆಯ ಬುಡದ ಮೇಲಕ್ಕೂ ಏರಿಸಿ ಹಾಕಿಸಬೇಕು. ಮೊಹೆಂಜೊದಾರೊದವರು ಇಟ್ಟಿಗೆಯ ಹಿಂದೆ ಬಳಿದ ಅಂಟಿನ ಕೆಲಸವೇ ಇದು. ನೀರು ಇಳಿಯುವ ಬಾಯಿಗೆ ಗಾರೆಯವರು ‘ನಾಣಿ ಟ್ರ್ಯಾಪ್’ ಎನ್ನುವ ಬಟ್ಟಲನ್ನು ಕೂರಿಸುತ್ತಾರೆ. ಅದರಲ್ಲಿ ಸದಾ ಸ್ವಲ್ಪ ನೀರು ನಿಂತಿದ್ದು ಮೋರಿಯ ನಾತವನ್ನೂ ಹುಳುಗಳನ್ನೂ ತಡೆಯುತ್ತದೆ. ಈ ‘ನಾಣಿ’ ಎಲ್ಲಿಂದ ಬಂತೆಂದು ಮೇಸ್ತ್ರಿಯನ್ನು ಕೇಳಿದರೆ ನಗುತ್ತಾನೆ. ಸಂಸ್ಕೃತದ ‘ಸ್ನಾನ’ ಪ್ರಾಕೃತದಲ್ಲಿ ‘ಣ್ಹಾಣ’ವಾಗಿ, ಮರಾಠಿಯಲ್ಲಿ ಬಚ್ಚಲಿಗೆ ‘ನ್ಹಾಣಿ’ಯಾಗಿ, ಗಾರೆಕೆಲಸದವರ ಬಾಯಲ್ಲಿ ನಮ್ಮಲ್ಲಿಗೆ ಬಂದು ಸೇರಿದ ಮಾತದು. ಬೇಸಗೆಯ ರಜೆಗೆ ಊರಿಗೆ ಹೋಗಿ ತಿಂಗಳ ಮೇಲೆ ಬಂದಾಗ ಬಚ್ಚಲು ನಾರುತ್ತಿದ್ದರೆ ಗಾಬರಿಯಾಗಬೇಕಾಗಿಲ್ಲ. ಆ ಬಟ್ಟಲಿನ ನೀರು ಆರಿರುತ್ತದೆ, ಅಷ್ಟೇ. ಒಂದು ಚೊಂಬು ನೀರು ಸುರಿದರೆ ಸಾಕು.

ಕಾಲು ನಿಲ್ಲುವುದು ಎರಡನೆಯದು. ಹೊಳೆಯುವ ಬಿಲ್ಲೆ ಅಂಗಡಿಯಲ್ಲಿ ಚೆಂದ. ಎಣ್ಣೆಸ್ನಾನದ ದಿನ ಅದೇ ಬಿಲ್ಲೆ ಶತ್ರು. ವಯಸ್ಸಾದವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಸಂಗತಿಯನ್ನು ಕೇಳದ ಬೀದಿ ಇರಲಾರದು. ನೆಲಕ್ಕೆ ತರಿತರಿಯಾದ ಬಿಲ್ಲೆಯೇ ಆಗಬೇಕು. ಇಲ್ಲವೇ ಉಳಿ ಹಾಕಿದ ಹಳೆಯ ಚಪ್ಪಡಿಯನ್ನೇ ತೊಳೆದು ಮತ್ತೆ ಹಾಸಬೇಕು. ಗೋಡೆ ಇನ್ನೂ ಹಸಿಯಾಗಿರುವಾಗಲೇ, ಸುಮಾರು ಮೂರಡಿ ಎತ್ತರದಲ್ಲಿ, ಹಿಡಿದುಕೊಳ್ಳುವ ಸರಳೊಂದನ್ನು ಭದ್ರವಾಗಿ ಕೂರಿಸಿದರೆ ಮುಂದೆ ಯಾರಿಗಾದರೂ ಬೇಕಾಗಿಯೇ ಆಗುತ್ತದೆ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಯಾರಾದರೂ ಕುಸಿದು ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ಅಡ್ಡಗಟ್ಟುತ್ತದೆ.

ಮೂರನೆಯದು ಹೊಗೆ, ಇದು ಜೀವದ ಪ್ರಶ್ನೆ. ಹಂಡೆಯ ಒಲೆಯ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ತಿಳಿಯುತ್ತಿತ್ತು, ಬಾಗಿಲು ತೆರೆಯುವಂತೆ ಮಾಡುತ್ತಿತ್ತು. ಈಗ ಅನೇಕ ಮನೆಗಳಲ್ಲಿ ಅಡಿಗೆ ಅನಿಲದಿಂದ ಉರಿಯುವ ಗೀಸರನ್ನು ಬಚ್ಚಲಿನ ಒಳಗೇ ಗೋಡೆಗೆ ತಗುಲಿಹಾಕಿರುತ್ತಾರೆ. ಕಿಟಕಿ ಮುಚ್ಚಿದ ಕಿರುಕೋಣೆಯಲ್ಲಿ ಅದು ಉರಿದರೆ ಉಸಿರಾಡುವ ಗಾಳಿ ತೀರುತ್ತ ಬಂದು, ಉರಿ ಅರೆಬೆಂದು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬಿದ್ದು, ಕೂಗಲೂ ಆಗದೆ ಪ್ರಾಣ ಬಿಟ್ಟ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಹಳೆಯವರು ಒಲೆಯ ಬಾಯಿಯನ್ನು ಹೊರಕ್ಕೆ ಇಟ್ಟ ವಿವೇಕ ಇಲ್ಲಿ ನೆನಪಾಗಬೇಕು. ಅನಿಲದ ಗೀಸರು ಬಚ್ಚಲಿನ ಹೊರಗೆ, ತೆರೆದ ಗಾಳಿಯಲ್ಲಿರಲಿ. ಕೊಳವೆಯ ನೀರು ಮಾತ್ರ ಒಳಗೆ ಬರಲಿ. ಮುಚ್ಚಲಾಗದಂಥ ಬೆಳಕಿಂಡಿಯೊಂದು ಮೇಲೂ, ಗಾಳಿ ಬರುವ ಸಂದು ಬಾಗಿಲ ಕೆಳಗೂ ಇರಲಿ. ಬಚ್ಚಲಿಗೆ ಗಾಜು ಬಿಗಿದು ಚೆಂದ ಮಾಡಿಸಿದವರು ಈ ಒಂದು ಮಾತನ್ನಾದರೂ ಇಂದೇ ನಡೆಸಿಕೊಡಬೇಕು.

ಅಗಲದ ವಿಷಯ ಇನ್ನೊಂದು. ಬಾಣಂತಿಯ ಮನೆಯಲ್ಲಿ ಕೂಸಿಗೆ ನೀರೆರೆಯುವ ಹಿರಿಯಾಕೆ ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಮಗುವನ್ನು ಕಾಲುಗಳ ಮೇಲೆ ಮಲಗಿಸಿಕೊಳ್ಳುತ್ತಾಳೆ. ಅವಳ ಕಾಲಿಗೆ ಎಡೆ ಬೇಕು, ಪಕ್ಕದಲ್ಲಿ ಬಿಸಿನೀರಿನ ಪಾತ್ರೆಗೆ ಎಡೆ ಬೇಕು, ನೀರು ಕೊಡುವ ಇನ್ನೊಬ್ಬಳು ನಿಲ್ಲಬೇಕು. ಹಳೆಯ ಬಚ್ಚಲಿನ ಅಳತೆ ಇದರಿಂದ ಹುಟ್ಟಿತು. ಕಕ್ಕಸು, ಬಟ್ಟೆ ಒಗೆಯುವ ಯಂತ್ರ, ಕೈತೊಳೆಯುವ ತೊಟ್ಟಿ, ಎಲ್ಲವನ್ನೂ ಒಂದೇ ಕೋಣೆಗೆ ತುಂಬಿದ ಮೇಲೆ ಮೊಮ್ಮಗು ಹುಟ್ಟಿದಾಗ ಅಜ್ಜಿ ಕುಳಿತುಕೊಳ್ಳುವುದೆಲ್ಲಿ? ನಕ್ಷೆ ಹಾಕಿಸುವಾಗ ಅಜ್ಜಿಯನ್ನು ಒಂದು ಸಲ ಕೇಳುವುದು ಒಳಿತು.

ಕೊನೆಯದು ನೀರಿನ ಲೆಕ್ಕ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದ ಮಾನಕ. ಅದರಲ್ಲಿ ಸ್ನಾನದ ಪಾಲೇ 55 ಲೀಟರ್. ಬಿಸಿಲಿನಿಂದ ನೀರು ಕಾಯಿಸುವ ಯಂತ್ರವನ್ನು ಛಾವಣಿಯ ಒಂದು ತುದಿಗೂ ಬಚ್ಚಲನ್ನು ಮನೆಯ ಇನ್ನೊಂದು ತುದಿಗೂ ಇಟ್ಟರೆ, ಬಿಸಿನೀರು ಬರುವವರೆಗೆ ಕೊಳವೆಯಲ್ಲಿದ್ದ ತಣ್ಣೀರೆಲ್ಲ ಮೋರಿಯ ಪಾಲು. ಯಂತ್ರದ ಕೆಳಗೇ ಬಚ್ಚಲು ಬರುವಂತೆ ನೋಡಿಕೊಂಡು, ಬಿಸಿನೀರಿನ ಕೊಳವೆಗೆ ಶಾಖ ಆರದ ಹೊದಿಕೆ ಹಾಕಿಸಿದರೆ ಆ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಮಿಂದ ನೀರಿನ ಗತಿಯೂ ಯೋಚಿಸತಕ್ಕದ್ದು. ಫಲ ಕೊಡುವ ತೆಂಗಿನ ಮರಕ್ಕೆ ಬೇಸಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಸುಮಾರು 200 ಲೀಟರ್ ನೀರು ಕೊಡಬೇಕೆಂದು ತೋಟಗಾರಿಕೆಯವರು ಹೇಳುತ್ತಾರೆ. ಒಬ್ಬರ ನಾಲ್ಕು ದಿನದ ಸ್ನಾನದ ನೀರು, ಮಾನಕದಂತೆ, 220 ಲೀಟರ್. ಎಂದರೆ ಮನೆಯಲ್ಲಿ ಒಬ್ಬರು ಮಿಂದರೆ ಹಿತ್ತಲಿನಲ್ಲಿ ಒಂದು ಮರ ಬದುಕುತ್ತದೆ. ನಮ್ಮ ಹಿರಿಯರಿಗೆ ಈ ಅಂಕಿಗಳು ತಿಳಿದಿರಲಿಲ್ಲ, ಮರ ತಿಳಿದಿತ್ತು. ಬಚ್ಚಲು ಒಳಸೇರಿ ಅದರ ನೀರು ಒಳಚರಂಡಿಗೆ ಕೂಡಿಕೊಂಡ ಮೇಲೆ ಹಿತ್ತಲಿನ ತೆಂಗು ಸೊರಗಿದ ಮನೆಗಳು ತುಮಕೂರಿನಲ್ಲಿ ಬೇಕಾದಷ್ಟಿವೆ. ಹೊಸದಾಗಿ ಕಟ್ಟಿಸುವಾಗ ಸ್ನಾನದ ನೀರಿನ ಕೊಳವೆಯನ್ನು ಕಕ್ಕಸಿನ ಕೊಳವೆಯೊಡನೆ ಸೇರಿಸದೆ ಬೇರೆಯಾಗಿ ತರಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಒಮ್ಮೆ ಸೇರಿಸಿ ಬಿಲ್ಲೆ ಹಾಸಿದ ಮೇಲೆ ಬಿಡಿಸುವುದಕ್ಕೆ ಖರ್ಚು ಬಹಳ. ಒಂದು ಮರಕ್ಕೆ ಜಾಗವುಳ್ಳವರೂ ಇದನ್ನು ಮಾಡಬಹುದು. ಸಾಬೂನು ನೀರು ಒಂದೇ ಕಡೆ ನಿಲ್ಲದಂತೆ ಪಾತಿಯಲ್ಲಿ ಜಲ್ಲಿ ಮರಳು ತುಂಬಿ, ಬಾಳೆಯೋ ಕೆಸುವೋ ನೆಟ್ಟು, ಆಮೇಲೆ ತೆಂಗಿಗೆ ಬಿಟ್ಟರೆ ಹಳೆಯ ಕ್ರಮವೇ ಹೊಸದಾಗುತ್ತದೆ.

ಚರಿತ್ರೆಯನ್ನು ಓದುವುದು ಹಳೆಯ ಹೊಗೆಯೊಳಕ್ಕೆ ಹಿಂದಿರುಗುವುದಕ್ಕಲ್ಲ. ಹೆಂಗಸರ ಬೆನ್ನು ಮುರಿಯುತ್ತಿದ್ದ ಹಂಡೆಯನ್ನು ಮತ್ತೆ ಹೂಡಬೇಕೆಂದು ಯಾರೂ ಹೇಳಲಾರರು. ನಲ್ಲಿ, ಅಗುಳಿ, ವಿದ್ಯುದ್ದೀಪ, ಬಿಸಿನೀರು, ಎಲ್ಲವೂ ಇರಲಿ. ಅವುಗಳ ಜೊತೆಗೆ ಇಳಿಜಾರು, ತರಿನೆಲ, ಬೆಳಕಿಂಡಿ, ಹಿತ್ತಲಿನ ಮರಕ್ಕೊಂದು ದಾರಿ, ಈ ನಾಲ್ಕೂ ಇರಲಿ. ಬಿಲ್ಲೆಯ ಬಣ್ಣವನ್ನು ಮಕ್ಕಳು ಆರಿಸಿಕೊಳ್ಳಲಿ. ಕೆಲಸ ಮುಗಿದ ದಿನ ಮೇಸ್ತ್ರಿಗೆ ಕೊನೆಯ ಕೂಲಿಯನ್ನು ಎಣಿಸುವ ಮುನ್ನ, ಗೃಹಸ್ಥರು ಒಂದು ಕೊಡ ನೀರನ್ನು ಬಾಗಿಲ ಬಳಿ ಸುರಿದು ಸುಮ್ಮನೆ ನಿಂತು ನೋಡಬೇಕು. ನೀರು ಎಲ್ಲಿಯೂ ನಿಲ್ಲದೆ ಬಚ್ಚಲ ಬಾಯಿಯನ್ನು ಸೇರಿತೋ, ಕೂಲಿಯ ಮೇಲೆ ಎಲೆಯಡಿಕೆಯನ್ನೂ ಇಟ್ಟು ಕಳುಹಿಸಬಹುದು.